ಪೀಣ್ಯದಲ್ಲಿ ವಿಎಂಸಿ ಪ್ರೋಗ್ರಾಮರ್ ಕೆಲಸ: ಪರಿಚಯ ಇಲ್ಲದವರು ಯಾರನ್ನ ಕೇಳ್ಬೇಕು, ಏನಂತ ಕೇಳ್ಬೇಕು?

ಮಾಚೇನಹಳ್ಳಿ ಸೆಟ್ಟರ್

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಶಿವಮೊಗ್ಗದ ಮಾಚೇನಹಳ್ಳಿಯ ಒಂದು ಮಷೀನ್ ಶಾಪ್‌ನಲ್ಲಿ ಮೂರು ವರ್ಷದಿಂದ ವಿಎಂಸಿ (ಪ್ರೋಗ್ರಾಂ ಮೇಲೆ ಓಡೋ ಮಿಲ್ಲಿಂಗ್ ಮಷೀನ್) ಸೆಟ್ಟರ್ ಕಮ್ ಆಪರೇಟರ್, ಅಂದ್ರೆ ಜಾಬ್, ಟೂಲ್ ಕಟ್ಟಿ ಮಷೀನ್ ಓಡಿಸೋನು. ಫ್ಯಾನುಕ್ ಕಂಟ್ರೋಲ್, ಹೆಚ್ಚಿನದು ಕಾಸ್ಟಿಂಗ್ ಜಾಬ್, ಸ್ವಲ್ಪ ಅಲ್ಯೂಮಿನಿಯಂ. ಸಣ್ಣ ಪ್ರೋಗ್ರಾಂ ಕೈಯಲ್ಲೇ ಬರೀತೀನಿ, ಮಾಸ್ಟರ್‌ಕ್ಯಾಮ್ (ಪ್ರೋಗ್ರಾಂ ಮಾಡೋ ಕ್ಯಾಮ್ ಸಾಫ್ಟ್‌ವೇರ್) ನಲ್ಲಿ 2ಡಿ ಕೆಲಸ ಬರುತ್ತೆ.

ಪೀಣ್ಯ ಕಡೆ ಪ್ರೋಗ್ರಾಮರ್ ಆಗಿ ಹೋಗ್ಬೇಕು ಅಂತ ಆಸೆ. ಆ್ಯಪ್‌ಗಳಲ್ಲಿ ರೆಸ್ಯೂಮೆ ಹಾಕಿದ್ರೆ ಬರೋದು ಕನ್ಸಲ್ಟೆನ್ಸಿ ಕಾಲ್, ಇಲ್ಲಾಂದ್ರೆ ಬರೀ ಆಪರೇಟರ್ ಕೆಲಸ. ಎಲ್ರೂ "ಪರಿಚಯ ಇದ್ರೆ ಮಾತ್ರ ಆಗುತ್ತೆ" ಅಂತಾರೆ. ಬೆಂಗಳೂರಲ್ಲಿ ನನಗೆ ಪರಿಚಯ ಅಂದ್ರೆ ಬಿಎಂಟಿಸಿಯಲ್ಲಿರೋ ಸೋದರಮಾವ ಒಬ್ರೇ. ಯಾರನ್ನ ಕೇಳ್ಬೇಕು, ಏನಂತ ಕೇಳ್ಬೇಕು, ಈಗಿನ ಓನರ್ ಕಿವಿಗೆ ಬೀಳದ ಹಾಗೆ ಹೇಗೆ ಕೇಳ್ಬೇಕು? ಗೊತ್ತಿರೋರು ಹೇಳಿ.

ಪೀಣ್ಯ ಎರಡನೇ ಹಂತ

ಸಣ್ಣ ಶಾಪ್‌ಗಳಲ್ಲಿ ಜಾಗ ಖಾಲಿಯಾಗೋದು ಹೇಗೆ ಅಂತ ತಿಳ್ಕೊಂಡ್ರೆ ಯಾರನ್ನ ಕೇಳ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ಹತ್ತು, ಹದಿನೈದು ಮಷೀನ್ ಇರೋ ಕಡೆ ಎಚ್‌ಆರ್ ಅಂತ ಒಬ್ರು ಇರೋದೇ ಕಮ್ಮಿ. ಓನರ್ ಅಥವಾ ಪ್ರೊಡಕ್ಷನ್ ಇನ್‌ಚಾರ್ಜ್ ಆಳು ಹುಡುಕ್ತಾರೆ. ಸಂದರ್ಭ ಮೂರು: ಇದ್ದ ಪ್ರೋಗ್ರಾಮರ್ ಬಿಟ್ಟ, ಹೊಸ ಮಷೀನ್ ಬುಕ್ ಆಯ್ತು, ಗಿರಾಕಿಯಿಂದ ಹೊಸ ಪಾರ್ಟ್ ಬಂತು.

ಹೊಸ ಮಷೀನ್ ಬಂದ್ರೆ ಮೊದಲು ಗೊತ್ತಾಗೋದು ಮಷೀನ್ ಕಂಪನಿಯ ಸೇಲ್ಸ್‌ನವರಿಗೆ, ಆಮೇಲೆ ಇನ್‌ಸ್ಟಾಲ್ ಮಾಡೋಕೆ ಬರೋ ಸರ್ವಿಸ್ ಇಂಜಿನಿಯರ್‌ಗೆ. ಜಾಬ್ ಸರಿಯಾಗಿ ಬರುತ್ತೆ ಅಂತ ಓಡಿಸಿ ತೋರಿಸೋ ಅಪ್ಲಿಕೇಶನ್ ಇಂಜಿನಿಯರ್ ಹೊರಡೋ ಹೊತ್ತಿಗೆ ಓನರ್ ಕೇಳೋದು ಅದನ್ನೇ: "ಇದನ್ನ ನಡೆಸೋಕೆ ಒಳ್ಳೆ ಹುಡುಗ ಇದ್ರೆ ಹೇಳಿ ಸರ್". ಹೊಸ ಪಾರ್ಟ್ ಬಂದ್ರೆ ಇನ್ಸರ್ಟ್ (ಕಟರ್‌ಗೆ ಹಾಕೋ ಅಲಗು) ಮಾರೋರನ್ನ ಕರೆಸ್ತಾರೆ, ಯಾವ ಕಟರ್, ಸೈಕಲ್ ಟೈಮ್ ಎಷ್ಟು ಅಂತ ಟ್ರಯಲ್ ನಡೆಯುತ್ತೆ. ಪ್ರೋಗ್ರಾಮರ್ ಬಿಟ್ಟಿದ್ದು ಊರಿಗೆಲ್ಲ ಗೊತ್ತಾಗೋ ಮುಂಚೆ ಸೂಪರ್‌ವೈಸರ್‌ಗೆ, ಕ್ಯಾಮ್ ಸಾಫ್ಟ್‌ವೇರ್ ಸಪೋರ್ಟ್‌ನವನಿಗೆ, ಗೇಜ್ ಕ್ಯಾಲಿಬ್ರೇಶನ್‌ಗೆ ಬರೋ ಹುಡುಗನಿಗೆ ಗೊತ್ತಿರುತ್ತೆ.

ಇವರೆಲ್ಲ ವಾರಕ್ಕೆ ಹತ್ತಾರು ಶಾಪ್ ಫ್ಲೋರ್ ನೋಡೋ ಜನ. ಒಂದೇ ಕಂಪನಿಯಲ್ಲಿರೋ ದೊಡ್ಡ ಮ್ಯಾನೇಜರ್ ಪರಿಚಯಕ್ಕಿಂತ ಇಂಥವರ ಪರಿಚಯವೇ ನಿಮಗೆ ಜಾಸ್ತಿ ಉಪಯೋಗ. ನಿಮ್ಮ ಶಾಪ್‌ಗೂ ಇವರು ಬರ್ತಾರೆ, ನೀವು ಇಷ್ಟು ದಿನ ಬರೀ ಚಹಾ ಕುಡಿದು ಕಳಿಸಿರ್ತೀರಿ ಅಷ್ಟೆ.

ಅಪಾಯ ಇರೋದೂ ಅಲ್ಲೇ. ನಿಮ್ಮ ಓನರ್‌ಗೆ ಸರಕು ಮಾರೋ ವ್ಯಕ್ತಿಗೆ ನಿಮಗಿಂತ ಓನರ್ ಮುಖ್ಯ. ಅವರು ಹೇಳದೇ ಇರಬಹುದು, ಆದ್ರೆ ಬಾಯಿ ತಪ್ಪಿ ಬಂದ್ರೆ ಮುಗೀತು. ಅದಕ್ಕೆ ನಿಮ್ಮ ಶಾಪ್‌ಗೆ ಬರೋರಿಗೆ "ಕೆಲಸ ಕೊಡಿಸಿ" ಅನ್ನಬೇಡಿ. "ಪೀಣ್ಯದಲ್ಲಿ ಇಂಥ ಕೆಲಸ ಮಾಡೋ ಶಾಪ್ ಯಾವ್ಯಾವು? ಅಲ್ಲಿನ ಏರಿಯಾ ನೋಡ್ಕೊಳ್ಳೋ ನಿಮ್ಮ ಇಂಜಿನಿಯರ್ ಯಾರು?" ಅಂತ ಕೇಳಿ. ಬೆಂಗಳೂರಿನ ಆ ಇಂಜಿನಿಯರ್ ನಂಬರ್ ಸಿಕ್ಕಿದ್ರೆ ಅವರಿಗೆ ಬಿಚ್ಚಿ ಹೇಳಿ, ಅವರು ನಿಮ್ಮ ಓನರ್‌ನ ಭೇಟಿ ಮಾಡೋರಲ್ಲ.

ಫೋನ್ ಮಾಡೋ ಮುಂಚೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ. ಅವರು ಅದನ್ನ ಹಾಗೇ ಓನರ್‌ಗೆ ಫಾರ್ವರ್ಡ್ ಮಾಡೋ ಹಾಗಿರ್ಬೇಕು. ಹೀಗೆ:

"ನಮಸ್ಕಾರ ಸರ್. ನಾನು (ಹೆಸರು), ವಿಎಂಸಿ ಸೆಟ್ಟರ್, 3 ವರ್ಷ ಅನುಭವ. ಫ್ಯಾನುಕ್ ಕಂಟ್ರೋಲ್, ಬಿಟಿ40, 3 ಆ್ಯಕ್ಸಿಸ್. ಎಫ್‌ಜಿ260 ಕಾಸ್ಟಿಂಗ್, ಅಲ್ಯೂಮಿನಿಯಂ. ಎಚ್7 ಬೋರ್ ಮಾಡಿದ್ದೇನೆ. ಕೈಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ, ಮಾಸ್ಟರ್‌ಕ್ಯಾಮ್ 2ಡಿ ಬರುತ್ತದೆ. ಪೀಣ್ಯದಿಂದ ದಾಬಸ್‌ಪೇಟೆವರೆಗೆ ಪ್ರೋಗ್ರಾಮರ್ ಕಮ್ ಸೆಟ್ಟರ್ ಬೇಕಿದ್ದರೆ ತಿಳಿಸಿ. ನೋಟಿಸ್ 30 ದಿನ."

ಕೊನೆಗೆ ಬೇರೆ ಮೆಸೇಜ್ ಆಗಿ: "ಈಗಿನ ಕಂಪನಿಗೆ ಹೇಳಿಲ್ಲ ಸರ್, ನಿಮ್ಮಲ್ಲೇ ಇರಲಿ". ಇದನ್ನ ಮೊದಲನೇ ಮೆಸೇಜ್ ಒಳಗೇ ಸೇರಿಸಿದ್ರೆ ಫಾರ್ವರ್ಡ್ ಆಗೋವಾಗ ಅದೂ ಹೋಗುತ್ತೆ.

"ಯಾವ ಕೆಲಸ ಆದ್ರೂ ಪರವಾಗಿಲ್ಲ ಸರ್" ಅಂತ ಮಾತ್ರ ಬರೀಬೇಡಿ. ಕೇಳಿಸ್ಕೊಂಡೋರ ತಲೆಯಲ್ಲಿ ಏನೂ ಉಳಿಯಲ್ಲ. ಕಂಟ್ರೋಲ್ ಯಾವುದು, ಮೆಟೀರಿಯಲ್ ಯಾವುದು (ಎಫ್‌ಜಿ260 ಥರ), ಟಾಲರೆನ್ಸ್ ಎಷ್ಟು (ಎಚ್7 ಥರ) ಅಂತ ಇದ್ರೆ, ಮುಂದಿನ ವಾರ ಯಾರೋ ಕಾಸ್ಟಿಂಗ್ ಬೋರ್ ಬಗ್ಗೆ ಗೋಳಾಡುವಾಗ ನಿಮ್ಮ ಹೆಸರು ನೆನಪಾಗುತ್ತೆ.

ಉದ್ಯಮಬಾಗ್ ಮಂದಿ

ಮ್ಯಾಲಿನವ್ರು ಹೇಳಿದ್ದು ಖರೇ ಐತಿ. ಒಂದು ಮಾತು ಸೇರಸ್ತೀನಿ. "ಪರಿಚಯ ಇಲ್ಲ" ಅನ್ನೋರು ದಿನಾ ಮಾತಾಡೋ ಹತ್ತು ಮಂದೀನ್ನಷ್ಟ ಎಣಿಸಿರ್ತಾರ. ಆ ಹತ್ತು ಮಂದಿಗೆ ಗೊತ್ತಿರೋದು ನಿಮಗೂ ಗೊತ್ತಿರ್ತದ, ಎಲ್ಲಾರೂ ಅದ ಊರು, ಅದ ಶಾಪ್. ವರ್ಷಕ್ಕೊಮ್ಮೆ ಮಾತಾಡೋ ಮಂದಿ ಕಡೆನ ಹೊಸಾ ಸುದ್ದಿ ಇರ್ತದ.

ಇದು ಬರೀ ಬಾಯಿಮಾತಲ್ರಿ. ಅಮೆರಿಕಾದಾಗ ಮಾರ್ಕ್ ಗ್ರಾನೊವೆಟರ್ ಅಂತ ಸಮಾಜಶಾಸ್ತ್ರಜ್ಞ 1973ರಾಗ ಬರೆದ ಲೇಖನದಾಗ, ಬೋಸ್ಟನ್ ಹತ್ರ ಪರಿಚಯದವರ ಮೂಲಕ ಕೆಲಸ ಹಿಡಿದವ್ರ ಲೆಕ್ಕಾ ಐತಿ. ಕೆಲಸದ ಸುದ್ದಿ ಕೊಟ್ಟವ್ರನ್ನ ಪದೇ ಪದೇ ಭೇಟಿ ಆಗ್ತಿದ್ದೋರು ಸುಮಾರು 17 ಪರ್ಸೆಂಟ್ ಅಷ್ಟ. ಆಗಾಗ ಸಿಗ್ತಿದ್ದೋರು 55ರ ಮ್ಯಾಲೆ, ಅಪರೂಪಕ್ಕ ಸಿಗ್ತಿದ್ದೋರು 28ರ ಹತ್ರ. ಅದು ಆಫೀಸ್ ಕೆಲಸದವ್ರ ಲೆಕ್ಕಾ, ಆದ್ರ ಮಷೀನ್ ಶಾಪ್‌ಗೂ ಹೊಂದ್ತದ.

ಹಂಗಾಗಿ ಮೊಬೈಲ್ ತೆಗೆದು ಹೆಸರು ಹುಡುಕ್ರಿ. ಡಿಪ್ಲೊಮಾದಾಗ ನಿಮಗಿಂತ ಎರಡು, ಮೂರು ವರ್ಷ ಸೀನಿಯರ್ ಇದ್ದವ್ರು (ನಿಮ್ಮ ಬ್ಯಾಚಿನವ್ರಿಗಿಂತ ಇವ್ರ ಮೇಲು, ಈಗ ಸೆಟ್ಟರ್ ದಾಟಿ ಇನ್‌ಚಾರ್ಜ್ ಆಗಿರ್ತಾರ). ಪಾಲಿಟೆಕ್ನಿಕ್ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ನಿಮ್ಮ ಶಾಪ್ ಬಿಟ್ಟು ಹೋದ ಹಳೇ ಸೂಪರ್‌ವೈಸರ್. ಇವರಂಥಾ ಪರಿಚಯ ಬ್ಯಾರೆ ಇಲ್ಲ, ಯಾಕಂದ್ರ ನಿಮ್ಮ ಕೈ ಕೆಲಸ ಕಣ್ಣಾರೆ ನೋಡಿರ್ತಾರ. ಊರಾಗ ಜಿಟಿಟಿಸಿ (ಸರ್ಕಾರಿ ಟೂಲ್ ಟ್ರೈನಿಂಗ್ ಸೆಂಟರ್) ಇದ್ರ ಅಲ್ಲಿ ಪ್ಲೇಸ್‌ಮೆಂಟ್ ನೋಡೋರನ್ನ ಮಾತಾಡಸ್ರಿ. ಅಲ್ಲಿ ಕಲಿತಿಲ್ಲಾಂದ್ರೂ ಸಣ್ಣ ಅವಧಿಯ ಕ್ಯಾಡ್-ಕ್ಯಾಮ್ ಕೋರ್ಸಿಗೆ ಸೇರಿದ್ರ ಬಾಗಿಲು ತೆರೀತದ. ಎನ್‌ಟಿಟಿಎಫ್‌ನಾಗ (ಟೂಲ್ ಕೆಲಸ ಕಲಿಸೋ ಸಂಸ್ಥೆ) ಓದಿದವ್ರು ನಿಮ್ಮ ಪರಿಚಯದಾಗ ಒಬ್ರಿದ್ರೂ ಬಿಡಬ್ಯಾಡ್ರಿ. ಪೀಣ್ಯದ ಟೂಲ್‌ರೂಂಗಳಾಗ ಅವ್ರ ಹಳೇ ವಿದ್ಯಾರ್ಥಿಗಳು ಭಾಳ, ಒಬ್ರಿಗೊಬ್ರು ಫೋನ್ ಎತ್ತತಾರ.

ಸೋದರಮಾವ ಬಿಎಂಟಿಸಿ ಅಂತ ಕೈ ಬಿಡಬ್ಯಾಡ್ರಿ. ಪೀಣ್ಯ, ಜಾಲಹಳ್ಳಿ ಕಡೆ ಬಾಡಿಗಿ ಮನೀ ಇದ್ರ ಅವ್ರ ವಠಾರದಾಗ ಫ್ಯಾಕ್ಟರಿ ಮಂದಿ ಇರ್ತಾರ. ಮಾವನ ಕಡೆಯಿಂದ ಕೆಲಸ ಕೇಳಸಬ್ಯಾಡ್ರಿ, ಒಂದು ಫೋನ್ ನಂಬರ್ ಕೇಳಸ್ರಿ ಸಾಕು. ಮಾತು ನೀವ ಆಡ್ರಿ. ಮಾವ "ನಮ್ಮ ಹುಡುಗ ಇಂಜಿನಿಯರ್" ಅಂದು ಬಿಡ್ತಾರ, ಅಲ್ಲಿಂದ ಎಲ್ಲಾ ತಪ್ಪು ತಿಳುವಳಿಕಿ.

ಅಂದಂಗ ಪೀಣ್ಯನ ಯಾಕ? ಕಾಸ್ಟಿಂಗ್ ಜಾಬ್ ಮಾಡಿದವ್ರಿಗೆ ಬೆಳಗಾವಿ ಉದ್ಯಮಬಾಗದಾಗೂ ಬೆಲೆ ಐತಿ, ಫೌಂಡ್ರಿ ಮಗ್ಗಲಿಗೇ ಮಷೀನಿಂಗ್ ಇಲ್ಲಿ.

ಟೂಲ್‌ರೂಂ ಟೇಬಲ್

ಇಬ್ಬರೂ ಹುಡುಕೋದು ಹೇಳಿದ್ರು. ಪರಿಚಯದಿಂದ ಆಗೋದು ಗೇಟ್ ದಾಟಿಸೋದು ಮಾತ್ರ. ಒಳಗೆ ಹೋದ ಮೇಲೆ ಟ್ರೇಡ್ ಟೆಸ್ಟ್. ಅದರಲ್ಲಿ ಎಡವಿದ್ರೆ ನಿಮಗಿಂತ ಜಾಸ್ತಿ ಮುಜುಗರ ಆಗೋದು ನಿಮ್ಮ ಹೆಸರು ಹೇಳಿದ ಮನುಷ್ಯನಿಗೆ. ಆಮೇಲೆ ಆತ ನಿಮ್ಮ ಹೆಸರು ಇನ್ನೆಲ್ಲೂ ಎತ್ತಲ್ಲ. ಪರಿಚಯದ ಮೂಲಕ ಬಂದ ಕರೆ "ನಾಳೆ ಬನ್ನಿ" ಅಂತಾನೇ ಬರುತ್ತೆ, ತಯಾರಿಗೆ ಟೈಮ್ ಸಿಗಲ್ಲ. ಹಾಗಾಗಿ ಮೊದಲ ಫೋನ್ ಮಾಡೋ ಮುಂಚೆಯೇ ಇವು ಕೈಯಲ್ಲಿರ್ಲಿ.

ಸಾಮಾನ್ಯವಾಗಿ ಒಂದು ಡ್ರಾಯಿಂಗ್, ಒಂದು ಬ್ಲಾಕ್ ಕೊಡ್ತಾರೆ. ಪ್ರೊಫೈಲ್, ಒಂದು ಪಾಕೆಟ್, ಎರಡು ಮೂರು ಟ್ಯಾಪ್ ಹೋಲ್, ಒಂದು ಬೋರ್. ಪ್ರೋಗ್ರಾಮರ್ ಕೆಲಸಕ್ಕೆ ಮೊದಲು ಪೇಪರ್ ಮೇಲೆ ಬರೆಸ್ತಾರೆ. ಎಂ8 ಟ್ಯಾಪ್‌ಗೆ 1.25 ಪಿಚ್ ಅಂದ್ರೆ ಡ್ರಿಲ್ 6.8 ಎಂಎಂ, ಯೋಚನೆ ಮಾಡದೆ ಬರ್ಬೇಕು. 400 ಆರ್‌ಪಿಎಂನಲ್ಲಿ ಅದೇ ಟ್ಯಾಪ್‌ಗೆ ಫೀಡ್ ನಿಮಿಷಕ್ಕೆ 500 ಎಂಎಂ. 10 ಎಂಎಂ ಕಾರ್ಬೈಡ್ ಎಂಡ್‌ಮಿಲ್, ಕಟಿಂಗ್ ಸ್ಪೀಡ್ 120 ಮೀಟರ್ ಅಂದ್ರೆ ಆರ್‌ಪಿಎಂ ಸುಮಾರು 3820. ನಾಲ್ಕು ಫ್ಲೂಟ್, ಹಲ್ಲಿಗೆ 0.05 ಆದ್ರೆ ಫೀಡ್ ಸುಮಾರು 760. ಅಂದಾಜು ಬಂದ್ರೆ ಸಾಕು, ಲೆಕ್ಕದ ದಾರಿ ಗೊತ್ತಿದೆಯಾ ಅಂತ ನೋಡ್ತಾರೆ. 20 ಎಂಎಂ ಬೋರ್‌ಗೆ ಎಚ್7 ಟಾಲರೆನ್ಸ್ ಅಂದ್ರೆ ಸೊನ್ನೆಯಿಂದ ಪ್ಲಸ್ 21 ಮೈಕ್ರಾನ್. ಮೆಸೇಜ್‌ನಲ್ಲಿ "ಎಚ್7 ಮಾಡಿದ್ದೇನೆ" ಅಂತ ಹಾಕಿ ಇದು ಬರದಿದ್ರೆ ಅಲ್ಲಿಗೆ ಮಾತು ಮುಗೀತು.

ಮಷೀನ್ ಮೇಲೆ ಹುಡುಗರು ಎಡವೋದು ಪ್ರೋಗ್ರಾಂನಲ್ಲಿ ಅಲ್ಲ, ಸೆಟಿಂಗ್‌ನಲ್ಲಿ. ವೈಸ್ ಡಯಲ್ ಹಾಕಿ ಟ್ರೂ ಮಾಡದೆ ಜಾಬ್ ಕಟ್ಟೋದು. ಜಿ43ರಲ್ಲಿ (ಟೂಲ್ ಉದ್ದದ ಆಫ್‌ಸೆಟ್) ಟೂಲ್ ನಂಬರಿಗೂ ಎಚ್ ನಂಬರಿಗೂ ತಾಳೆ ಇಲ್ಲದಿರೋದು, ಟೂಲ್ ಟೇಬಲ್‌ಗೆ ಹೋಗಿ ಕುಟ್ಟೋದು ಹೀಗೇ. ಜಿ54ರಲ್ಲಿ (ಜಾಬ್‌ನ ಸೊನ್ನೆ ಬಿಂದು) ಝೆಡ್‌ಗೂ ಬೆಲೆ ಹಾಕಿ, ಟೂಲ್ ಆಫ್‌ಸೆಟ್‌ನಲ್ಲೂ ಅದನ್ನೇ ಸೇರಿಸಿಬಿಡೋದು. ಫ್ಯಾನುಕ್‌ನಲ್ಲಿ ರಿಜಿಡ್ ಟ್ಯಾಪಿಂಗ್‌ಗೆ ಎಷ್ಟೋ ಮಷೀನ್‌ಗಳಲ್ಲಿ ಜಿ84ರ ಮುಂಚೆ ಎಂ29 ಬೇಕು; ನಿಮ್ಮ ಶಾಪ್ ಮಷೀನ್‌ನಲ್ಲಿ ಬೇಡದಿದ್ರೆ ಅದು ಮರೆತೇ ಹೋಗಿರುತ್ತೆ, ಕೇಳ್ಕೊಂಡು ಹಾಕಿ. ಕೇಳೋದ್ರಿಂದ ಮಾರ್ಕ್ಸ್ ಕಮ್ಮಿ ಆಗಲ್ಲ, ಹೆಚ್ಚಾಗುತ್ತೆ. ಮೊದಲ ಪೀಸ್ ಸಿಂಗಲ್ ಬ್ಲಾಕ್ ಹಾಕಿ, ರ್‍ಯಾಪಿಡ್ 25 ಪರ್ಸೆಂಟ್‌ಗೆ ಇಳಿಸಿ, ಡಿಸ್ಟೆನ್ಸ್ ಟು ಗೋ ನೋಡ್ಕೊಂಡು ಓಡಿಸಿ. ಧೈರ್ಯ ತೋರಿಸೋಕೆ ನೂರರಲ್ಲಿ ಓಡಿಸೋನನ್ನ ಯಾವ ಓನರೂ ತಗೊಳಲ್ಲ, ಸ್ಪಿಂಡಲ್ ರಿಪೇರಿ ಖರ್ಚು ಅವರಿಗೆ ಗೊತ್ತು.

ಇನ್ನೊಂದು. ಸೆಟ್ಟರ್‌ನಿಂದ ನೇರ "ಪ್ರೋಗ್ರಾಮರ್" ಅಂತ ಕೇಳಬೇಡಿ. ಸಣ್ಣ ಶಾಪ್‌ಗಳಲ್ಲಿ ಬೇಕಾಗಿರೋದು ಪ್ರೋಗ್ರಾಮರ್ ಕಮ್ ಸೆಟ್ಟರ್. ಮೇಲಿನ ಮೆಸೇಜ್‌ನಲ್ಲಿ ಹಾಗೇ ಬರೆದಿರೋದು ಸರಿಯಾಗಿದೆ.

ಮಾಚೇನಹಳ್ಳಿ ಸೆಟ್ಟರ್

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎರಡು ಡೌಟ್. ಮೆಸೇಜ್ ಜೊತೆ ನಾನು ಮಾಡಿದ ಪಾರ್ಟ್‌ಗಳ ಫೋಟೊ ಕಳಿಸ್ಲಾ? ಇಲ್ಲಿ ಕೆಲವರು ಹಾಗೆ ಕಳಿಸ್ತಾರೆ. ಆಮೇಲೆ ಐಎಂಟೆಕ್ಸ್ ಮಷೀನ್ ಎಕ್ಸಿಬಿಷನ್‌ಗೆ ಹೋದ್ರೆ ಪ್ರಯೋಜನ ಇದೆಯಾ?

ಇನ್ಸರ್ಟ್ ಬ್ಯಾಗ್

ಫೋಟೊ ಬೇಡ. ಅದು ನಿಮ್ಮ ಗಿರಾಕಿಯ ಪಾರ್ಟ್, ಹಿಂದೆ ಡ್ರಾಯಿಂಗ್ ಕಾಣ್ತಿದ್ರೆ ಇನ್ನೂ ಕೆಟ್ಟದ್ದು. ಹೊಸ ಓನರ್ ಮನಸ್ಸಲ್ಲಿ ಬರೋ ಮೊದಲ ಯೋಚನೆ "ನಾಳೆ ನಮ್ಮ ಪಾರ್ಟ್ ಫೋಟೊನೂ ಹೀಗೇ ಹೋಗುತ್ತೆ" ಅಂತ. ಡಿಫೆನ್ಸ್, ಏರೋಸ್ಪೇಸ್ ಜಾಬ್ ಮಾಡೋ ಶಾಪ್‌ಗಳಲ್ಲಿ ಫ್ಲೋರ್‌ಗೆ ಮೊಬೈಲೇ ಬಿಡಲ್ಲ, ಅಂಥಲ್ಲಿ ಒಂದು ಫೋಟೊ ಸಾಕು ನಿಮ್ಮನ್ನ ಪಕ್ಕಕ್ಕಿಡೋಕೆ. ಬದಲಿಗೆ ನೀವೇ ಒಂದು ಪ್ಲೇಟ್ ಡ್ರಾಯಿಂಗ್ ಮಾಡಿ, ಅದಕ್ಕೆ ಪ್ರೋಗ್ರಾಂ ಬರೆದು, ಟೂಲ್ ಲಿಸ್ಟ್, ಸೆಟಪ್ ಶೀಟ್ ಸೇರಿಸಿ ಎರಡು ಪುಟದ ಪಿಡಿಎಫ್ ಇಟ್ಕೊಳ್ಳಿ. ಕೇಳಿದ್ರೆ ಮಾತ್ರ ಕಳಿಸಿ. ಸೆಟಪ್ ಶೀಟ್ ನೋಡಿದ್ರೇನೇ ಹುಡುಗನ ಅಚ್ಚುಕಟ್ಟು ಗೊತ್ತಾಗುತ್ತೆ.

ಐಎಂಟೆಕ್ಸ್ ವಿಷಯ: ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಎಕ್ಸಿಬಿಷನ್ ಸೆಂಟರ್‌ನಲ್ಲಿ ಜನವರಿಯಲ್ಲಿ ಆಗುತ್ತೆ. ಲೋಹ ಕತ್ತರಿಸೋ ಮಷೀನ್‌ಗಳದ್ದು ಬೆಸ ವರ್ಷದಲ್ಲಿ, 2023, 2025ರಲ್ಲಿ ಆದ ಹಾಗೆ. ಸಮ ವರ್ಷದ್ದು ಫಾರ್ಮಿಂಗ್, ಅಂದ್ರೆ ಪ್ರೆಸ್, ಶೀಟ್ ಮೆಟಲ್, ಅದಕ್ಕೆ ನಿಮಗೆ ಅಷ್ಟು ಕೆಲಸ ಇಲ್ಲ. ಮೆಟ್ರೊ ಹಸಿರು ಮಾರ್ಗ 2024ರ ನವೆಂಬರ್‌ನಿಂದ ಬಿಐಇಸಿ ಹತ್ರದ ಮಾದಾವರದವರೆಗೆ ಇದೆ, ಯಶವಂತಪುರದಲ್ಲಿ ರೈಲು ಇಳಿದ್ರೆ ಮೆಟ್ರೊದಲ್ಲೇ ಹೋಗಬಹುದು. ವಿಸಿಟರ್ ರಿಜಿಸ್ಟ್ರೇಶನ್ ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿ.

ಅಲ್ಲಿ ರೆಸ್ಯೂಮೆ ಹಂಚೋಕೆ ಹೋಗ್ಬೇಡಿ. ಸ್ಟಾಲ್‌ನಲ್ಲಿ ನಿಂತೋರು ಮಷೀನ್ ಮಾರೋಕೆ ನಿಂತಿರ್ತಾರೆ, ನಿಮ್ಮ ಪೇಪರ್ ಸಂಜೆ ಕಸದ ಬುಟ್ಟಿಗೆ. ನಿಮ್ಮ ಕೆಲಸದಲ್ಲಿ ನಿಜವಾಗಿ ಇರೋ ಒಂದು ತೊಂದರೆ ತಗೊಂಡು ಹೋಗಿ: "ಎಫ್‌ಜಿ260ರಲ್ಲಿ ಬೋರ್ ಫಿನಿಶ್ ಮಾಡೋವಾಗ ಹೊರಗೆ ಬರೋ ಕಡೆ ಅಂಚು ಉದುರುತ್ತೆ, ಏನು ಮಾಡ್ಬೇಕು?" ಅಂತ ಅಪ್ಲಿಕೇಶನ್ ಇಂಜಿನಿಯರ್‌ನ ಕೇಳಿ. ಮಾತು ಹತ್ತು ನಿಮಿಷ ನಡೆದ ಮೇಲೆ ಕಾರ್ಡ್ ಕೇಳಿದ್ರೆ ಕೊಡ್ತಾರೆ. ಅವತ್ತೇ ರಾತ್ರಿ ಒಂದು ಮೆಸೇಜ್: "ಬೋರ್ ಅಂಚು ಬಗ್ಗೆ ಕೇಳಿದವನು ಸರ್, ಶಿವಮೊಗ್ಗ". ಅವರು ದಿನಕ್ಕೆ ನೂರಾರು ಮುಖ ನೋಡಿರ್ತಾರೆ, ಪ್ರಶ್ನೆಯಿಂದಲೇ ಗುರುತು ಹಿಡಿಯೋದು. ಹೇಳಿದ್ದನ್ನ ಶಾಪ್‌ನಲ್ಲಿ ಮಾಡಿ ನೋಡಿ, ಆಯ್ತೋ ಇಲ್ವೋ ಅಂತ ಒಂದೆರಡು ವಾರ ಬಿಟ್ಟು ತಿಳಿಸಿ. ಬಹಳ ಜನ ಈ ಹೆಜ್ಜೆ ಬಿಡ್ತಾರೆ. ಇದಾದ ಮೇಲೆ ಕೆಲಸದ ಮಾತು ಎತ್ತಿದ್ರೆ ಅಪರಿಚಿತನ ಹಾಗೆ ಕಾಣಲ್ಲ.

ನಮ್ಮಂಥ ಇನ್ಸರ್ಟ್ ಮಾರೋರಿಗೆ ಫೋನ್ ಮಾಡೋ ಹೊತ್ತು: ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಶಾಪ್‌ಗಳಲ್ಲಿ ಟ್ರಯಲ್, ಎತ್ತಲ್ಲ. ತಿಂಗಳ ಕೊನೆ ವಾರ ಟಾರ್ಗೆಟ್ ಗಲಾಟೆ, ಕೇಳಲೇಬೇಡಿ. ತಿಂಗಳ ಮೊದಲ ವಾರ ಸಂಜೆ ಆರರ ಮೇಲೆ ಗಾಡಿಯಲ್ಲೋ ಮೆಟ್ರೊದಲ್ಲೋ ಇರ್ತೀವಿ, ಮೆಸೇಜ್ ಓದೋದು ಆಗ. ಉತ್ತರ ಬರದಿದ್ರೆ ಹತ್ತು ದಿನ ಬಿಟ್ಟು ಒಂದೇ ಒಂದು ಸಾರಿ ನೆನಪಿಸಿ. ಆಮೇಲೂ ಇಲ್ಲ ಅಂದ್ರೆ ಬೇರೆಯವರನ್ನ ನೋಡಿ, ಬೇಜಾರು ಮಾಡ್ಕೋಬೇಡಿ.

ಹಾಜರಿ ಪುಸ್ತಕ

ದುಡ್ಡಿನ ವಿಷಯ ಯಾರೂ ಎತ್ತಿಲ್ಲ, ಅದನ್ನ ಹೇಳಿಬಿಡ್ತೀನಿ.

"ವಿಎಂಸಿ ಸಿಎನ್‌ಸಿ ಜಾಬ್ಸ್" ಅಂತ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳು ಲೆಕ್ಕವಿಲ್ಲದಷ್ಟಿವೆ. ಪೀಣ್ಯದ ಗೇಟ್‌ಗಳ ಮೇಲೆ, ಕಂಬಗಳ ಮೇಲೆ ಅಂಟಿಸಿರೋ ಚೀಟಿಗಳೂ ಅಷ್ಟೇ. ಅವನ್ನ ಹೀಗೆ ಬೇರೆ ಮಾಡಿ: ಗೇಟಿನ ಮೇಲೆ ಕಂಪನಿಯೇ ಹಾಕಿದ ಬೋರ್ಡ್ ಇದ್ರೆ ನೇರ ಒಳಗೆ ಹೋಗಿ ಕೇಳಬಹುದು. ಬರೀ ಮೊಬೈಲ್ ನಂಬರ್ ಇದ್ದು ಕಂಪನಿ ಹೆಸರು ಇಲ್ಲದಿದ್ರೆ ಅದು ಏಜೆಂಟ್. ಸರಿಯಾದ ಕನ್ಸಲ್ಟೆನ್ಸಿ ಕಂಪನಿಯಿಂದ ದುಡ್ಡು ತಗೊಳ್ಳುತ್ತೆ, ನಿಮ್ಮಿಂದಲ್ಲ. ರಿಜಿಸ್ಟ್ರೇಶನ್, ಯೂನಿಫಾರ್ಮ್, ಮೆಡಿಕಲ್, ಗೇಟ್ ಪಾಸ್, ಯಾವ ಹೆಸರಲ್ಲಿ ಮುಂಗಡ ಕೇಳಿದ್ರೂ ಬಿಟ್ಟುಬಿಡಿ. ಪರಿಚಯದವರೇ "ಒಳಗಿನವರಿಗೆ ಸ್ವಲ್ಪ ಕೊಡ್ಬೇಕಾಗುತ್ತೆ" ಅಂದ್ರೂ ಅದೇ ಮಾತು.

ಕರೆ ಬಂದ್ಮೇಲೆ ಮೊದಲು ಕೇಳ್ಬೇಕಾದ್ದು: ಕಂಪನಿ ರೋಲಾ, ಕಾಂಟ್ರಾಕ್ಟ್ ರೋಲಾ? ಪರಿಚಯದವರಿಗೂ ಇದು ಗೊತ್ತಿರಲ್ಲ, "ದೊಡ್ಡ ಕಂಪನಿ" ಅಂತಷ್ಟೇ ಹೇಳಿರ್ತಾರೆ. ಎರಡನೇದು, ಹೇಳ್ತಿರೋ ಸಂಬಳ ಕೈಗೆ ಬರೋದಾ, ಸಿಟಿಸಿನಾ (ನಿಮ್ಮ ಮೇಲೆ ಕಂಪನಿಗೆ ಆಗೋ ಒಟ್ಟು ಖರ್ಚು)? ಪಿಎಫ್‌ನಲ್ಲಿ ನಿಮ್ಮ 12 ಪರ್ಸೆಂಟ್ ಜೊತೆ ಕಂಪನಿಯ 12 ಪರ್ಸೆಂಟೂ ಸಿಟಿಸಿ ಒಳಗೇ ಸೇರಿಸಿ ಹೇಳೋ ಶಾಪ್‌ಗಳು ಬಹಳ. ಮೂರನೇದು, ಶಿಫ್ಟ್ 8 ಗಂಟೆನಾ 12 ಗಂಟೆನಾ, 12 ಆದ್ರೆ ಮೇಲಿನ ಗಂಟೆಗಳಿಗೆ ಓಟಿ ಲೆಕ್ಕ ಹೇಗೆ. ಕಾನೂನು ಪ್ರಕಾರ ಎರಡರಷ್ಟು. 12 ಗಂಟೆಯ ಒಟ್ಟು ಸಂಬಳವನ್ನ 8 ಗಂಟೆಯ ನಿಮ್ಮ ಈಗಿನ ಸಂಬಳದ ಜೊತೆ ಹೋಲಿಸಿ ಮೋಸ ಹೋಗೋರು ಜಾಸ್ತಿ.

ಈ ಮೂರನ್ನೂ ಪರಿಚಯ ಮಾಡಿಸಿದವರ ಬಾಯಲ್ಲಿ ಕೇಳಿಸಬೇಡಿ. ಅವರು ಮಧ್ಯೆ ಇದ್ರೆ ನಿಮಗೂ ಜಗ್ಗಾಡೋಕೆ ಸಂಕೋಚ, ಓನರ್‌ಗೂ ಅದೇ ಬೇಕು. ನೇರ ಕೇಳಿ, ಒಪ್ಪಿದ್ದನ್ನ ಅಲ್ಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ "ಸರಿ ಸರ್ ಅಲ್ವಾ?" ಅಂತ ಒಪ್ಪಿಗೆ ತಗೊಳ್ಳಿ. ಸಣ್ಣ ಶಾಪ್‌ನಲ್ಲಿ ಆಫರ್ ಲೆಟರ್ ಬರೋದು ಸೇರಿದ ಮೇಲೇನೇ, ಅಲ್ಲಿವರೆಗೆ ಅದೇ ಸಾಕ್ಷಿ.

ಮಾಚೇನಹಳ್ಳಿ ಸೆಟ್ಟರ್

ನಮ್ಮ ಈಗಿನ ಸೂಪರ್‌ವೈಸರ್ ಒಳ್ಳೆಯವರು. ಅವರಿಗೆ ಮೊದಲೇ ಹೇಳಿ ಅವರ ಪರಿಚಯವನ್ನೇ ಉಪಯೋಗಿಸ್ಕೊಂಡ್ರೆ?

ಪೀಣ್ಯ ಎರಡನೇ ಹಂತ

ಒಳ್ಳೆಯವರೇ ಇರಬಹುದು, ಆದ್ರೆ ನಿಮ್ಮ ಮಷೀನ್ ನಿಂತ್ರೆ ಉತ್ತರ ಕೊಡ್ಬೇಕಾದೋರೂ ಅವರೇ. ಆ ಇಕ್ಕಟ್ಟಿಗೆ ಅವರನ್ನ ಸಿಕ್ಕಿಸಬೇಡಿ. ಕೈಗೆ ಕೆಲಸ ಖಾತ್ರಿಯಾದ ದಿನ ಮೊದಲು ಅವರಿಗೆ ಹೇಳಿ, ಓನರ್‌ಗೆ ಆಮೇಲೆ. 30 ದಿನ ಪೂರ್ತಿ ಮಾಡಿ, ಓಡ್ತಿರೋ ಜಾಬ್‌ಗಳ ಸೆಟಪ್ ಶೀಟ್ ಬರೆದು ಕೊಟ್ಟು ಬನ್ನಿ. ಪೀಣ್ಯದ ಓನರ್ ವಿಚಾರಿಸೋಕೆ ಫೋನ್ ಮಾಡಿದ್ರೆ ಎತ್ತೋದು ಅವರೇ.

ಹಾಜರಿ ಪುಸ್ತಕ

ಬಿಡೋವಾಗ ಎಕ್ಸ್‌ಪೀರಿಯೆನ್ಸ್ ಲೆಟರ್‌ನಲ್ಲಿ "ಆಪರೇಟರ್" ಅಂತಷ್ಟೇ ಹಾಕಿಸ್ಕೊಂಡು ಬರಬೇಡಿ, "ಸೆಟ್ಟರ್ ಕಮ್ ಆಪರೇಟರ್" ಅಂತ ಇರ್ಲಿ. ಯುಎಎನ್ (ಪಿಎಫ್ ನಂಬರ್) ಹಳೇದನ್ನೇ ಹೊಸ ಕಂಪನಿಗೆ ಕೊಡಿ, ಹೊಸದು ಮಾಡಿಸ್ಬೇಡಿ. ಹಳೇ ಕಂಪನಿ ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಹಾಕದಿದ್ರೆ, ಕೊನೆ ಪಿಎಫ್ ಕಟ್ಟಿದ ಎರಡು ತಿಂಗಳ ಮೇಲೆ ನೀವೇ ಪೋರ್ಟಲ್‌ನಲ್ಲಿ ಆಧಾರ್ ಓಟಿಪಿ ಕೊಟ್ಟು ಹಾಕಬಹುದು.